ಬಟ್ಟೆಕೋಣೆಯ ಸಾಕ್ಷಿ

ಆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಅವಳಿಗೆ ಎಲ್ಲರೂ ಅತ್ತೆ ಎನ್ನುತ್ತಿದ್ದರು. ಪ್ರೇಕ್ಷಕರು ಕೂರುವ ಮೆಟ್ಟಿಲುಸಾಲಿನ ಕೆಳಗೆ, ಕಿಟಕಿಯೇ ಇಲ್ಲದ ಉದ್ದನೆಯ ಬಟ್ಟೆಕೋಣೆ ಅವಳದು. ಎರಡು ಹಳೆಯ ವಾಷಿಂಗ್ ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಅಂಕಿ ಬರೆದ ಗೂಡುಗಳು. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಜೆರ್ಸಿ ಒಗೆದಿದ್ದಳು, ಹರಿದ ಚಡ್ಡಿ ಹೊಲಿದಿದ್ದಳು, ಬೂಟಿನ ತಳಕ್ಕೆ ಅಂಟಿದ ಮಣ್ಣನ್ನು ಚಮಚದ ಹಿಡಿಯಿಂದ ಕೆರೆದು ತೆಗೆದಿದ್ದಳು. ಅಂಕಿ ನೋಡದೆ, ಬರೀ ಬೆವರಿನ ವಾಸನೆಯಿಂದಲೇ ಇದು ಯಾರ ಜೆರ್ಸಿ ಎಂದು ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದಳು. ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ಮಗಳೇ ಇಲ್ಲದ ಅತ್ತೆಗೆ ಇಪ್ಪತ್ತೆಂಟು ಜನ ಅಳಿಯಂದಿರು, ನೋಡಿ ನನ್ನ ಅದೃಷ್ಟ," ಎಂದು ತಾನೇ ನಗುತ್ತಿದ್ದಳು.

ಆ ಇಪ್ಪತ್ತೆಂಟು ಜನರಲ್ಲಿ ಅವಳ ಜೀವಕ್ಕೆ ಹತ್ತಿರದವನು ಗಾಳಿ. ಆ ಹೆಸರು ಇಟ್ಟವನು ಕೋಚ್. "ಎಷ್ಟೇ ಬಿಗಿಯಾಗಿ ಮುಚ್ಚಿ, ಸಂದಿಯಲ್ಲಿ ನುಗ್ಗಿಬಿಡ್ತಾನೆ, ಗಾಳಿ ಕಣ್ರೀ ಇವನು," ಎಂದು ಮೊದಲ ವರ್ಷವೇ ಹೇಳಿದ್ದ. ಈಗ ಗಾಳಿಗೆ ಇಪ್ಪತ್ತನಾಲ್ಕು. ಲೀಗಿನಲ್ಲಿ ಅವನಷ್ಟು ಗೋಲು ಹೊಡೆದವರು ಇನ್ನೊಬ್ಬರಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಉಳಿದವರು ಕ್ಯಾಂಟೀನಿಗೆ ಹೋದರೆ ಇವನು ತಟ್ಟೆ ಹಿಡಿದು ಬಟ್ಟೆಕೋಣೆಗೆ ಬರುತ್ತಿದ್ದ. ಬೆಚ್ಚಗಿನ ಟವೆಲ್‌ಗಳ ರಾಶಿಗೆ ಒರಗಿ ಊಟ ಮಾಡುತ್ತಾ ಅವಳೊಡನೆ ಹರಟುತ್ತಿದ್ದ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಮದುವೆಯಾದಾಗ ಹೆಂಡತಿಯನ್ನು ಮೊದಲು ಕರೆತಂದು ತೋರಿಸಿದ್ದೂ ಅತ್ತೆಗೇ. ಆ ಹುಡುಗಿ ನೀರು ಸರಬರಾಜು ಕಚೇರಿಯಲ್ಲಿ ಕೌಂಟರ್ ಗುಮಾಸ್ತೆ. ಮಾತು ಕಡಿಮೆ, ನಗು ಜಾಸ್ತಿ. "ನಮ್ಮ ಗಾಳಿಗೆ ಸರಿಯಾದ ಕಿಟಕಿ ಸಿಕ್ತು," ಎಂದು ಅತ್ತೆ ಎಲ್ಲರೆದುರು ಹೇಳಿ ನಗಿಸಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ, ಆಟಗಾರರೆಲ್ಲ ಮೈದಾನಕ್ಕೆ ಇಳಿದಿದ್ದಾಗ, ಆ ಹುಡುಗಿ ಬಟ್ಟೆಕೋಣೆಯ ಬಾಗಿಲಲ್ಲಿ ಬಂದು ನಿಂತಳು. ತಲೆಗೆ ಸುತ್ತಿದ ವಸ್ತ್ರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಅತ್ತೆ, ಅವರ ಬ್ಯಾಗಲ್ಲಿ ಮನೆ ಬೀಗದಕೈ ಇರುತ್ತೆ. ಸ್ವಲ್ಪ ತೆಗೆದುಕೊಡ್ತೀರಾ?"

ಅತ್ತೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಹುಡುಗಿಯ ಕಾಲಲ್ಲಿ ಅವಳ ಅಳತೆಯದಲ್ಲದ, ಎರಡು ಬೆರಳು ದೊಡ್ಡದಾದ ಗಂಡಸರ ಚಪ್ಪಲಿ. ವಸ್ತ್ರ ಸರಿಸಿ ನೋಡಿದರೆ ಎಡಗೆನ್ನೆ ಕಿವಿಯಿಂದ ದವಡೆಯವರೆಗೆ ಬಾತುಕೊಂಡಿತ್ತು.

"ಏನೇ ಇದು?"

"ಬೀರು ಬಾಗಿಲು ತಗಲಿತು."

"ಬೀರು ಬಾಗಿಲಿಗೆ ಐದು ಬೆರಳು ಇರುತ್ತೇನೇ?"

ಅತ್ತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಆಟಗಾರರ ಪೆಟ್ಟಿಗೆಯಿಂದ ಐಸ್ ತೆಗೆದು, ಒಗೆದಿಟ್ಟ ಕಾಲುಚೀಲವೊಂದರಲ್ಲಿ ತುಂಬಿ, ಕೆನ್ನೆಗೆ ಒತ್ತಿಹಿಡಿದಳು. ತಣ್ಣಗಾದ ಮೇಲೆ ಮಾತು ತಾನಾಗಿ ಬಂತು. ಭಾನುವಾರದ ಪಂದ್ಯದಲ್ಲಿ ಗಾಳಿ ಪೆನಾಲ್ಟಿ ಹೊಡೆತದಲ್ಲಿ ಗುರಿ ತಪ್ಪಿದ್ದ. ಎರಡು ದಿನದಿಂದ ಊಟ ಬಿಟ್ಟು ಕೂತಿದ್ದ. 'ಒಂದು ಪೆನಾಲ್ಟಿ ತಾನೆ, ಎದ್ದು ಊಟ ಮಾಡಿ' ಎಂದದ್ದೇ ತಪ್ಪಾಯಿತು. ಹೊಡೆದ. ಬರಿಗಾಲಲ್ಲೇ ಹೊರಗೆ ತಳ್ಳಿ, ಬೀಗ ಹಾಕಿಕೊಂಡು, ಅಭ್ಯಾಸಕ್ಕೆ ಬಂದುಬಿಟ್ಟ. ಚಪ್ಪಲಿ ಮೇಲಿನ ಮನೆಯವರದು.

"ಇದೇ ಮೊದಲಾ?"

ಹುಡುಗಿ ಐಸ್ ಹಿಡಿದ ಕೈ ಬದಲಾಯಿಸಿದಳು. "ಮುಖಕ್ಕೆ ಇದೇ ಮೊದಲು."

ಹೊರಡುವಾಗ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು, "ಯಾರಿಗೂ ಹೇಳ್ಬೇಡಿ ಅತ್ತೆ," ಎಂದಳು. ಬಾಗಿಲು ದಾಟಿದವಳು ಒಂದು ಕ್ಷಣ ನಿಂತು, "ಹೇಳಿದ್ರೂ ಯಾರು ನಂಬ್ತಾರೆ," ಎಂದು ತನ್ನಷ್ಟಕ್ಕೆ ಅಂದುಕೊಂಡು ಹೋದಳು. ಅತ್ತೆಗೆ ಎರಡು ಮಾತೂ ಕೇಳಿಸಿತ್ತು. ಆದರೆ ನೆನಪಿನಲ್ಲಿ ಇಟ್ಟುಕೊಂಡದ್ದು ಮೊದಲನೆಯದನ್ನು ಮಾತ್ರ.

ಅವತ್ತು ಮಧ್ಯಾಹ್ನ ಗಾಳಿ ತಟ್ಟೆ ಹಿಡಿದು ಬಂದಾಗ ಅತ್ತೆ ಬಾಗಿಲು ಹಾಕಿ, ಅವನ ಕೈಯಿಂದ ತಟ್ಟೆ ಕಸಿದು ಮೇಜಿನ ಮೇಲಿಟ್ಟಳು. ಬಾಯಿಗೆ ಬಂದಂತೆ ಬೈದಳು. ಅವನು ವಾದಿಸಲಿಲ್ಲ. ಟವೆಲ್‌ಗಳ ರಾಶಿಯ ಮುಂದೆ ನೆಲದ ಮೇಲೆ ಕುಸಿದು, ಅವಳ ಮಂಡಿಗೆ ತಲೆ ಒತ್ತಿ ಬಿಕ್ಕಿಬಿಕ್ಕಿ ಅತ್ತ. ಏನಾಗುತ್ತದೋ ಗೊತ್ತಾಗುವುದಿಲ್ಲ, ಕಣ್ಣು ಕತ್ತಲೆ ಬಂದಂತಾಗುತ್ತದೆ ಎಂದ.

"ಇನ್ನೊಂದ್ಸಲ ಅವಳ ಮೇಲೆ ಕೈ ಎತ್ತಿದ್ರೆ ಈ ಕೈ ಮುರಿದುಹೋಗ್ಲಿ ಅತ್ತೆ."

"ಕೈ ಮುರಿದ್ರೆ ನಿನಗೇನು ನಷ್ಟ? ನೀನು ಆಡೋದು ಕಾಲಲ್ಲಿ," ಎಂದಳು ಅತ್ತೆ.

ಅಳುವಿನ ನಡುವೆಯೇ ಅವನಿಗೆ ನಗು ಬಂತು. ಅವನು ನಕ್ಕದ್ದು ನೋಡಿ ಅವಳಿಗೂ ನಗು ಬಂತು. ಆ ನಗುವಿನಲ್ಲಿ ವಿಷಯ ಮುಗಿದೇ ಹೋಯಿತು. ಅವಳು ತಟ್ಟೆಯನ್ನು ಮತ್ತೆ ಅವನ ಕೈಗೆ ಕೊಟ್ಟಳು. ಮುಂದೆ ಎಷ್ಟೋ ವರ್ಷ ಅವಳನ್ನು ಚುಚ್ಚಿದ್ದು ತಾನು ಆಮೇಲೆ ಹೇಳಿದ ಸುಳ್ಳಿಗಿಂತ ಹೆಚ್ಚಾಗಿ ಆ ತಮಾಷೆಯೇ.

ಮೂರು ತಿಂಗಳ ನಂತರ ಕ್ಲಬ್ಬಿಗೆ ಎರಡು ಸುದ್ದಿ ಒಂದೇ ವಾರದಲ್ಲಿ ಬಂದವು. ಫೈನಲ್‌ಗೆ ಆಗ ಇಪ್ಪತ್ತು ದಿನ ಬಾಕಿ.

ಮೊದಲನೆಯದು ಬೀಗನ ಸುದ್ದಿ. ಬೀಗ ಎಂದರೆ ರಕ್ಷಣೆಯ ಸಾಲಿನಲ್ಲಿ ಆಡುತ್ತಿದ್ದ ಹಳಬ. ಒಂದು ಕಾಲದಲ್ಲಿ ಅವನನ್ನು ದಾಟಿ ಯಾರೂ ಹೋಗುತ್ತಿರಲಿಲ್ಲವಾದ್ದರಿಂದ ಆ ಹೆಸರು. ಈಗ ಮೂವತ್ತೆರಡಾಗಿತ್ತು, ಮಂಡಿ ಕೈಕೊಟ್ಟಿತ್ತು, ಹೆಚ್ಚಿನ ಪಂದ್ಯಗಳಲ್ಲಿ ಬೆಂಚು ಕಾಯುತ್ತಿದ್ದ. ಅವನು ಕುಡಿದು ಕಾರು ಓಡಿಸಿ ಸೈಕಲ್ ಸವಾರನೊಬ್ಬನಿಗೆ ಗುದ್ದಿದ್ದ. ಅವನನ್ನು ತಾನೇ ಎತ್ತಿ ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ಹೇಳಿ, ಬೆಳಿಗ್ಗೆ ನೇರವಾಗಿ ಮ್ಯಾನೇಜರನ ಕೋಣೆಗೆ ಬಂದು, "ತಪ್ಪು ನಂದೇ," ಎಂದಿದ್ದ. ಆ ವರ್ಷದ ಒಪ್ಪಂದಗಳಲ್ಲಿ ಹೊಸದಾಗಿ ಒಂದು ಷರತ್ತು ಸೇರಿತ್ತು. ಮೈದಾನದ ಹೊರಗೆ ಆಟಗಾರನ ನಡತೆ ಕೆಟ್ಟದ್ದೆಂದು ರುಜುವಾತಾದರೆ ಸಂಬಳದಲ್ಲಿ ಮೂರನೇ ಒಂದು ಭಾಗ ಹಿಡಿಯಬಹುದು, ಇಲ್ಲವೇ ಒಪ್ಪಂದವನ್ನೇ ಮುರಿಯಬಹುದು ಎಂದು. ಬೀಗನ ವಿಷಯದಲ್ಲಿ ರುಜುವಾತಿಗೆ ಯಾರೂ ಕಷ್ಟಪಡಬೇಕಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಒಪ್ಪಂದ ಮುರಿಯಿತು.

ಎರಡನೆಯದು ಗಾಳಿಯ ಮೇಲಿನ ಮನೆಯವರು ಕ್ಲಬ್ಬಿಗೆ ಬರೆದ ಕಾಗದ. ಕೆಳಗಿನ ಮನೆಯಿಂದ ಕೇಳುವ ಸದ್ದು, ಆ ಹುಡುಗಿಯ ಮೈಮೇಲಿನ ಗುರುತು, ಒಮ್ಮೆ ಅವಳು ಬರಿಗಾಲಲ್ಲಿ ಬಂದು ಚಪ್ಪಲಿ ಕೇಳಿ ಪಡೆದು ಕ್ಲಬ್ಬಿಗೆ ಹೋದದ್ದು, ಎಲ್ಲವೂ ಅದರಲ್ಲಿತ್ತು. ಗಾಳಿಯ ಒಪ್ಪಂದ ಅದೇ ತಿಂಗಳು ಹೊಸದಾಗಬೇಕಿತ್ತು. ಸಂಬಳ ದುಪ್ಪಟ್ಟು ಮಾಡುವ ಮಾತು ನಡೆದಿತ್ತು.

ವಿಚಾರಣೆಗೆ ಕೂತವರು ಮೂವರು: ಕ್ಲಬ್ಬಿನ ಅಧ್ಯಕ್ಷೆ, ಮ್ಯಾನೇಜರ್, ಕೋಚ್. ಅತ್ತೆಯನ್ನು ಮಧ್ಯಾಹ್ನ ಕರೆಸಿದರು. ಇಪ್ಪತ್ತೆರಡು ವರ್ಷದಲ್ಲಿ ಅವಳು ಕಚೇರಿಯ ಮಹಡಿ ಹತ್ತಿದ್ದು ಪರದೆ ಒಗೆಯಲು ಬಿಚ್ಚಿಕೊಂಡು ಹೋಗುವುದಕ್ಕೆ ಮಾತ್ರ. ಕುರ್ಚಿಯ ತುದಿಯಲ್ಲಿ ಕೂತಳು. ಕೈಯಲ್ಲಿ ಸೋಪಿನ ಬಿರುಕು. ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

"ಭಯಪಡಬೇಡಿ," ಎಂದಳು ಅಧ್ಯಕ್ಷೆ. "ಅವರ ಹೆಂಡತಿ ಬೆಳಿಗ್ಗೆ ಬಂದಿದ್ರು. ನಾವು ಏನು ಕೇಳಿದ್ರೂ ಒಂದೇ ಮಾತು. 'ಅತ್ತೇನ ಕೇಳಿ' ಅಂದ್ರು, ಅಷ್ಟೇ. ಕಾಗದದಲ್ಲಿ ಬರೆದಿರೋ ಆ ದಿನ ಅವರು ನಿಮ್ಮ ಹತ್ರ ಬಂದಿದ್ರಾ?"

"ಬಂದಿದ್ರು. ಬೀಗದಕೈ ತಗೊಂಡು ಹೋಗೋಕೆ."

"ಮುಖದ ಮೇಲೆ ಏಟಿನ ಗುರುತು ಇತ್ತಾ?"

ಅತ್ತೆ ಮಡಿಲಲ್ಲಿದ್ದ ತನ್ನ ಕೈ ನೋಡಿಕೊಂಡಳು. ಕೋಚ್ ಕುರ್ಚಿಯಲ್ಲಿ ಹೊರಳಿ, "ನೋಡಿ ಮೇಡಂ, ಗಂಡ ಹೆಂಡತಿ ಜಗಳ ನೂರಿರುತ್ತೆ. ಹಾಲು ಕೊಡೋ ಹಸು ಒಂದು ಒದೆ ಒದ್ದರೂ ಒದೆಸ್ಕೋಬೇಕು. ಇಪ್ಪತ್ತು ದಿನ ಇದೆ ಫೈನಲ್‌ಗೆ," ಎಂದ.

ಆ ಒಂದು ನಿಮಿಷದಲ್ಲಿ ಅತ್ತೆಯ ತಲೆಯಲ್ಲಿ ಏನೆಲ್ಲ ಹಾದುಹೋಯಿತು ಎಂಬುದನ್ನು ಅವಳು ಆಮೇಲೆ ಎಷ್ಟೋ ಸಲ ಬಿಡಿಸಿ ನೋಡಿಕೊಂಡಿದ್ದಾಳೆ. ಮಂಡಿಗೆ ತಲೆ ಒತ್ತಿ ಅತ್ತವನ ಮುಖ. ಯಾರಿಗೂ ಹೇಳಬೇಡಿ ಎಂದ ಹುಡುಗಿಯ ದನಿ. 'ಅತ್ತೇನ ಕೇಳಿ' ಎಂದರೆ, ಅತ್ತೆ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆ ಇರಬೇಕು ಅಲ್ಲವೇ? ಕೆಲಸ ಹೋದರೆ ಅವನು ದಿನವಿಡೀ ಮನೆಯಲ್ಲೇ ಇರುತ್ತಾನೆ; ಆ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಇವೆಲ್ಲ ನಿಜವಾದ ಯೋಚನೆಗಳೇ. ಅದರ ಜೊತೆಗೆ, ಇವೆಲ್ಲದರ ಅಡಿಯಲ್ಲಿ, ಇನ್ನೊಂದೂ ಇತ್ತು: ಗಾಳಿ ಇಲ್ಲದ ಬಟ್ಟೆಕೋಣೆಯಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡುವುದನ್ನು ಅವಳಿಂದ ಕಲ್ಪಿಸಿಕೊಳ್ಳಲಾಗಲಿಲ್ಲ.

"ನಾನೇನೂ ನೋಡಲಿಲ್ಲ," ಎಂದಳು. "ತಲೆಗೆ ಬಟ್ಟೆ ಸುತ್ಕೊಂಡಿದ್ದಳು."

ಮ್ಯಾನೇಜರ್ ಬರೆದುಕೊಂಡ. ಕೋಚ್ ನಿಟ್ಟುಸಿರು ಬಿಟ್ಟ. ಅಧ್ಯಕ್ಷೆ ಮಾತ್ರ ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ಸರಿ, ನೀವು ಹೋಗಬಹುದು," ಎಂದಳು. ಸಂಜೆಯೊಳಗೆ ಗಾಳಿಯ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಮೇಲಿನ ಮನೆಯವರ ಕಾಗದದ ಮೇಲೆ 'ರುಜುವಾತಿಲ್ಲ' ಎಂದು ಬರೆದು ಕಡತಕ್ಕೆ ಸೇರಿಸಿದರು.

ಮರುದಿನ ಬೀಗ ತನ್ನ ಗೂಡು ಖಾಲಿ ಮಾಡಲು ಬಂದ. ಬೂಟು, ಮಂಡಿಪಟ್ಟಿ, ಹಲ್ಲುಜ್ಜುವ ಬ್ರಷ್ಷು. ಹನ್ನೊಂದು ವರ್ಷದ ಸಾಮಾನು ಒಂದು ಪ್ಲಾಸ್ಟಿಕ್ ಚೀಲ ತುಂಬಲಿಲ್ಲ. ಅತ್ತೆ ಜೆರ್ಸಿ ಮಡಚುತ್ತಾ, ಏನಾದರೂ ಹೇಳಬೇಕಲ್ಲ ಎಂದು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಕಣೋ ನಿನ್ನ ಕತೆ," ಎಂದಳು.

"ಇಲ್ಲ ಅತ್ತೆ. ಜ್ವರ ನನಗೂ ಇತ್ತು. ಬರೆ ಬೇಕಿತ್ತು." ಬೀಗ ಚೀಲದ ಬಾಯಿ ಗಂಟು ಹಾಕಿದ. "ಆ ಸೈಕಲ್ಲಿನವನ ಕಾಲು ಇನ್ನು ಮುಂಚಿನ ಹಾಗೆ ಆಗಲ್ವಂತೆ. ನಾನು ಹಾಯಾಗಿ ಬೆಂಚಲ್ಲಿ ಕೂತು ಸಂಬಳ ತಗೊಂಡ್ರೆ ಸರಿಹೋಗ್ತಿತ್ತಾ? ನನಗೆ ಸಿಕ್ಕಿದ್ದು ಸರಿಯಾಗೇ ಇದೆ. ಗಾಳಿಗೆ ಸಿಗಲಿಲ್ಲವಲ್ಲ, ಅದು ತಪ್ಪು." ಆಮೇಲೆ ದನಿ ತಗ್ಗಿಸಿ ಕೇಳಿದ: "ನೀವು ನೋಡಿದ್ರಿ, ಅಲ್ವಾ?"

ಅತ್ತೆ ಮಡಚಿದ ಜೆರ್ಸಿಯನ್ನೇ ಬಿಡಿಸಿ ಮತ್ತೆ ಮಡಚಿದಳು. ಬೀಗ ಇನ್ನೊಮ್ಮೆ ಕೇಳಲಿಲ್ಲ. ಬಗ್ಗಿ ಅವಳ ಕಾಲು ಮುಟ್ಟಿ, ಕುಂಟುತ್ತಾ ಮೆಟ್ಟಿಲು ಹತ್ತಿಹೋದ.

ಫೈನಲ್‌ನಲ್ಲಿ ಗಾಳಿ ಎರಡು ಗೋಲು ಹೊಡೆದ. ಊರೆಲ್ಲ ಅವನ ಹೆಸರು ಹಿಡಿದು ಕುಣಿಯಿತು. ಅವನು ಬಟ್ಟೆಕೋಣೆಗೆ ಒಂದು ದೊಡ್ಡ ಹೊಸ ವಾಷಿಂಗ್ ಮೆಷಿನ್ನು ಕೊಡಿಸಿದ. ತಾನೇ ನಿಂತು ಪೈಪು ಜೋಡಿಸಿದ. ಅತ್ತೆಯ ಬೆನ್ನು ನೋವು ಅರ್ಧ ಕಡಿಮೆಯಾಯಿತು. ಹಳೆಯವು ಕೆರಳಿದ ನಾಯಿಯಂತೆ ಗುರುಗುಟ್ಟುತ್ತಿದ್ದವು. ಇದು ಸದ್ದೇ ಮಾಡುತ್ತಿರಲಿಲ್ಲ. ಅವನ ಹೆಂಡತಿ ಕ್ಲಬ್ಬಿನ ಕಡೆ ಬರುವುದನ್ನು ನಿಲ್ಲಿಸಿದ್ದಳು. "ಹೇಗಿದ್ದಾಳೋ?" ಎಂದು ಅತ್ತೆ ಕೇಳಿದರೆ, "ಚೆನ್ನಾಗಿದ್ದಾಳೆ ಅತ್ತೆ, ಕೆಲಸ ಜಾಸ್ತಿ," ಎನ್ನುತ್ತಿದ್ದ. ಅತ್ತೆಗೆ ಅಷ್ಟು ಸಾಕಿತ್ತು. ನಿಜ ಹೇಳಬೇಕೆಂದರೆ, ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಹನ್ನೊಂದು ತಿಂಗಳು ಹೀಗೆ ಕಳೆಯಿತು. ಒಂದು ಬೆಳಿಗ್ಗೆ ಮೇಲಿನ ಮನೆಯ ಹೆಂಗಸು ಕ್ಲಬ್ಬಿಗೆ ಫೋನ್ ಮಾಡಿ ಅತ್ತೆಯನ್ನೇ ಕೇಳಿ ಕರೆಸಿಕೊಂಡಳು. "ಆಸ್ಪತ್ರೆಯಲ್ಲಿದ್ದಾಳೆ. ನೀವು ನೋಡಬೇಕು ಅನ್ನಿಸಿತು. ನೋಡಲಿಲ್ಲ ಅಂದಿರಂತಲ್ಲ, ಈಗ ಬಂದು ನೋಡಿ," ಎಂದು ಹೇಳಿ ಫೋನ್ ಇಟ್ಟುಬಿಟ್ಟಳು.

ಹುಡುಗಿ ಗೋಡೆಯ ಪಕ್ಕದ ಹಾಸಿಗೆಯಲ್ಲಿದ್ದಳು. ಮುಂಗೈಗೆ ಪ್ಲಾಸ್ಟರ್, ಎಡಗಿವಿಯ ಮೇಲೆ ಹತ್ತಿಯ ಕಟ್ಟು. ಕಿವಿಯ ತಮಟೆ ಹರಿದಿತ್ತು. ಆ ಕಿವಿ ಮತ್ತೆ ಸರಿಯಾಗಿ ಕೇಳಿಸುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಎಡಗಡೆ ನಿಂತು ಏನೋ ಹೇಳಿದಳು. ಹುಡುಗಿ ಸುಮ್ಮನೆ ಛಾವಣಿ ನೋಡುತ್ತಿದ್ದಳು. ಕೋಪ ಬಂದಿದೆ ಎಂದುಕೊಂಡಳು ಅತ್ತೆ. ಆಮೇಲೆ ಹೊಳೆಯಿತು. ಹಾಸಿಗೆ ಸುತ್ತಿ ಬಲಗಡೆಗೆ ಬಂದು ಮತ್ತೆ ಹೇಳಿದಳು.

"ನನ್ನಿಂದ ತಪ್ಪಾಯ್ತು ಮಗಳೇ. ಯಾರಿಗೂ ಹೇಳ್ಬೇಡಿ ಅಂದಿದ್ದೆಯಲ್ಲ, ಅದಕ್ಕೇ ನಾನು..."

ಹುಡುಗಿ ತಲೆ ಹೊರಳಿಸಿದಳು. "ಅವತ್ತು ಹಾಗಂದಿದ್ದೆ. ಮೂರು ತಿಂಗಳಾದ ಮೇಲೆ ಅವರು ಮೂರು ಜನ ಎದುರಿಗೆ ಕೂತು ಕೇಳಿದಾಗ ನನ್ನ ಬಾಯೇ ಕಟ್ಟಿಹೋಯ್ತು. ಕೋಚ್ ಹಾಗೆ ನೋಡ್ತಿದ್ರು. ನೀವು ಹೇಳ್ತೀರ ಅಂದ್ಕೊಂಡೆ. ಅದಕ್ಕೇ ನಿಮ್ಮನ್ನ ಕೇಳಿ ಅಂದೆ. ನೀವು ಹೌದು ಅಂದಿದ್ರೆ ನಾನೂ ಹೌದು ಅಂತಿದ್ದೆ." ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು. "ಕೆಳಗೆ ಕಾರಿಡಾರಲ್ಲಿ ಕೂತಿದ್ದೆ ಅತ್ತೆ. ಸಂಜೆವರೆಗೂ. ಮತ್ತೆ ಕರೀತಾರೆ ಅಂತ."

ಅತ್ತೆ ಹಾಸಿಗೆಯ ಕಂಬಿ ಹಿಡಿದುಕೊಂಡಳು.

ಅಲ್ಲಿಂದ ನೇರವಾಗಿ ಕ್ಲಬ್ಬಿಗೆ ಹೋಗಿ, ಯಾರೂ ಕರೆಯದೆ ಮಹಡಿ ಹತ್ತಿದಳು. ಅಧ್ಯಕ್ಷೆಯೂ ಕೋಚೂ ಒಳಗಿದ್ದರು. ದೊಡ್ಡ ಕ್ಲಬ್ಬೊಂದು ಗಾಳಿಯನ್ನು ಇನ್ನೂ ದೊಡ್ಡ ಸಂಬಳಕ್ಕೆ ಕೇಳಿತ್ತು. ಅದರ ಮಾತುಕತೆ ನಡೆದಿತ್ತು. ಅತ್ತೆ ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಬೀರು ಬಾಗಿಲು, ಐದು ಬೆರಳು, ಐಸ್ ತುಂಬಿದ ಕಾಲುಚೀಲ, ಗಂಡಸರ ಚಪ್ಪಲಿ, ಒಂದನ್ನೂ ಬಿಡದೆ ಹೇಳಿದಳು.

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?" ಅಧ್ಯಕ್ಷೆಯ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

"ಅವನನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ."

"ನಮಗೂ ಆಗಲಿಲ್ಲ," ಎಂದಳು ಅಧ್ಯಕ್ಷೆ ಮೆಲ್ಲಗೆ. "ನೀವು ಸುಳ್ಳು ಹೇಳ್ತಿದ್ದೀರ ಅಂತ ನನಗೆ ಅವತ್ತೇ ಅನ್ನಿಸಿತ್ತು. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ."

ಕೋಚ್‌ಗೆ ಅದು ಹಿಡಿಸಲಿಲ್ಲ. "ಆಟ ಬೇರೆ, ಮನೆ ಬೇರೆ. ಮೇಸ್ತ್ರಿ ಹೆಂಡತಿಗೆ ಹೊಡೆದ ಅಂತ ಅವನು ಕಟ್ಟಿದ ಗೋಡೆ ಬೀಳುತ್ತಾ? ಗೋಲು ಹೊಡೆಯೋದಕ್ಕೆ ಸಂಬಳ ಕೊಡ್ತೀವಿ, ಒಳ್ಳೆ ಗಂಡ ಆಗೋದಕ್ಕಲ್ಲ."

"ಗೋಡೆ ಬೀಳಲ್ಲ ಸಾರ್," ಎಂದಳು ಅತ್ತೆ. "ಆದ್ರೆ ಮೇಸ್ತ್ರಿ ಏನೂ ಮಾಡಿಲ್ಲ ಅಂತ ಕಾಗದ ಬರೆದುಕೊಡೋಕೆ ಮೂರು ಜನ ಕೂರಲ್ಲ. ಬೆನ್ನು ತಟ್ಟೋಕೆ ಊರು ಸೇರಲ್ಲ. ಹಾಲು ಕೊಡೋ ಹಸು ಅಂದ್ರಿ. ಹಾಲು ಕುಡಿದೋರು ನಾವು. ಒದೆ ತಿಂದೋಳು ಅವಳು."

ಕೋಚ್ ಕಿಟಕಿಯ ಕಡೆ ತಿರುಗಿದ. ಅಧ್ಯಕ್ಷೆ ಹಳೆಯ ಕಡತ ತರಿಸಿದಳು. ಅತ್ತೆಯ ಹೊಸ ಹೇಳಿಕೆ ಬರೆಸಿ ಸಹಿ ಹಾಕಿಸಿಕೊಂಡಳು. ಆದರೆ ವಾರದೊಳಗೆ ಗಾಳಿ ದೊಡ್ಡ ಕ್ಲಬ್ಬಿಗೆ ಹೋಗಿಯಾಗಿತ್ತು. 'ಈಗ ಅವನು ನಮ್ಮ ಆಟಗಾರನಲ್ಲ' ಎಂದು ಆಡಳಿತ ಮಂಡಳಿ ಕೈತೊಳೆದುಕೊಂಡಿತು.

ಹುಡುಗಿ ನ್ಯಾಯಾಲಯಕ್ಕೆ ಹೋದಳು. ಅತ್ತೆ ಸಾಕ್ಷಿ ಹೇಳಿದಳು. ಗಾಳಿಯ ವಕೀಲನಿಗೆ ಹೆಚ್ಚು ಕಷ್ಟವೇನೂ ಇರಲಿಲ್ಲ. ಕ್ಲಬ್ಬಿನ ಎರಡು ಹೇಳಿಕೆಗಳನ್ನೂ ಎರಡು ಕೈಯಲ್ಲಿ ಎತ್ತಿಹಿಡಿದ.

"ಒಂದರಲ್ಲಿ ನೋಡಿಲ್ಲ ಅಂದಿದ್ದೀರಿ, ಇನ್ನೊಂದರಲ್ಲಿ ನೋಡಿದೆ ಅಂದಿದ್ದೀರಿ. ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಅವತ್ತು ಹೇಳಿದ್ದು."

"ಯಾಕೆ ಸುಳ್ಳು ಹೇಳಿದ್ರಿ?"

"ಅವನನ್ನ ಮಗ ಅಂದ್ಕೊಂಡಿದ್ದೆ. ಅವಳನ್ನ ಮಗಳು ಅಂದ್ಕೊಳ್ಳಲಿಲ್ಲ."

ವಕೀಲ ನಕ್ಕು ಕೂತ. ತೀರ್ಪು ಬಂದಾಗ ಅತ್ತೆಯ ಮಾತು ಪೂರ್ತಿ ಬಿದ್ದುಹೋಗಿತ್ತು. ಹೇಳಿಕೆ ಬದಲಾಯಿಸಿದ ಸಾಕ್ಷಿಯನ್ನು ನಂಬಲಾಗದು ಎಂದು ಮೊದಲ ಘಟನೆಯನ್ನು ಬದಿಗಿಟ್ಟರು. ಎರಡನೆಯದಕ್ಕೆ ಮಾತ್ರ, ಡಾಕ್ಟರರ ವರದಿ ಇದ್ದುದರಿಂದ, ಶಿಕ್ಷೆಯಾಯಿತು. ಅದೂ ಮೊದಲ ತಪ್ಪು ಎಂಬ ಲೆಕ್ಕದಲ್ಲಿ, ದಂಡ ಕಟ್ಟಿಸಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ವಿಚ್ಛೇದನವೂ ಆಯಿತು. ಹೊಸ ಕ್ಲಬ್ಬು ಅವನನ್ನು ಅರ್ಧ ಋತು ಹೊರಗೆ ಕೂರಿಸಿ, ಸಂಬಳದಲ್ಲಿ ಮೂರನೇ ಒಂದು ಭಾಗ ಹಿಡಿಯಿತು.

ಅವಳು ಸಾಕ್ಷಿ ಹೇಳಿದ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಗಾಳಿ ಅವಳಿಗೆ ಎದುರಾದ. ಜೊತೆಯವರನ್ನು ಮುಂದೆ ಕಳಿಸಿ ನಿಂತ. ಇಳಿದುಹೋಗಿದ್ದ, ಕೆನ್ನೆಯ ಮೂಳೆ ಕಾಣುತ್ತಿತ್ತು.

"ಎಲ್ಲರೂ ಬಿಟ್ರು. ನೀವೂ ಕೈ ಬಿಟ್ರಾ ಅತ್ತೆ?"

"ಅವತ್ತು ಹಿಡಿದಿದ್ದೇ ತಪ್ಪಾಯ್ತು ಕಣೋ. ನಾನು ಅವತ್ತೇ ಹೇಳಿದ್ದಿದ್ರೆ ನೀನು ಒಂದಷ್ಟು ಪಂದ್ಯ ಹೊರಗೆ ಕೂತಿರ್ತಿದ್ದೆ, ನನ್ನನ್ನ ಬೈಕೊಂಡಿರ್ತಿದ್ದೆ. ಅವಳ ಕಿವಿ ಉಳೀತಿತ್ತು."

ಅವನು ಬಹಳ ಹೊತ್ತು ತನ್ನ ಬೂಟು ನೋಡಿದ. ಆಮೇಲೆ ಹೇಳಿದ ಮಾತನ್ನು ಅವಳು ಇನ್ನೊಬ್ಬರಿಗೆ ಹೇಳಿಲ್ಲ, ನ್ಯಾಯಾಲಯಕ್ಕೂ ಹೇಳಲಿಲ್ಲ.

"ವಿಚಾರಣೆ ದಿನ ನೀವು ಹೇಳೇ ಹೇಳ್ತೀರ ಅಂತ ಇದ್ದೆ. ಬೆಳಿಗ್ಗೆಯಿಂದ ಎರಡು ಸಲ ವಾಂತಿ ಆಗಿತ್ತು. ಎಲ್ಲ ಮುಗೀತು, ಇನ್ನು ಬದಲಾಗ್ಬೇಕು ಅಂತ ಕೂತಿದ್ದೆ. ನೀವು ಹೇಳಲಿಲ್ಲ ಅಂತ ಮ್ಯಾನೇಜರ್ ಬಂದು ಹೇಳಿದ್ರು. ಆಮೇಲೆ... ಏನು ಮಾಡಿದ್ರೂ ಏನೂ ಆಗಲ್ಲ ಅನ್ನಿಸಿಬಿಡ್ತು ಅತ್ತೆ."

ತನ್ನ ತಪ್ಪನ್ನು ಅವಳ ತಲೆಗೆ ಕಟ್ಟುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಹೊಡೆದ ಕೈ ಅವನದು, ಅವಳದಲ್ಲ. ಆದರೂ ಅವನು ಹೇಳಿದ್ದು ಸುಳ್ಳು ಎನ್ನಲು ಅವಳಿಂದ ಆಗಲಿಲ್ಲ.

ಅದಾದ ಮರುವರ್ಷ ಅವಳು ಕೆಲಸ ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ. ಆದರೆ ಗಾಳಿಯ ವಿರುದ್ಧ ಸಾಕ್ಷಿ ಹೇಳಿದವಳು ಎಂದು ಕೆಲವು ಹೊಸ ಅಳಿಯಂದಿರು ಬಟ್ಟೆಯನ್ನು ಕೈಗೆ ಕೊಡದೆ ಬಾಗಿಲಲ್ಲೇ ಎಸೆದು ಹೋಗುತ್ತಿದ್ದರು. ಬೀಗ ಈಗ ಒಂದು ಶಾಲೆಯ ಹುಡುಗಿಯರ ತಂಡಕ್ಕೆ ಆಟ ಕಲಿಸುತ್ತಾನೆ. ಸೈಕಲ್ಲಿನವನನ್ನು ವಾರಕ್ಕೊಮ್ಮೆ ವ್ಯಾಯಾಮದ ಚಿಕಿತ್ಸೆಗೆ ಕರೆದೊಯ್ಯುತ್ತಾನೆ. ಇಬ್ಬರೂ ಕುಂಟುತ್ತಾ ನಡೆಯುವುದು ನೋಡಿ ಆಸ್ಪತ್ರೆಯವರು ರೋಗಿ ಯಾರು ಎಂದು ಕೇಳುತ್ತಾರಂತೆ. ಮತ್ತೆ ಆಡಲು ಯಾವ ಕ್ಲಬ್ಬೂ ಅವನನ್ನು ಕರೆಯಲಿಲ್ಲ. ಗಾಳಿಯನ್ನು ಕರೆದರು. ಅರ್ಧ ಋತು ಮುಗಿಸಿ ಅವನು ಮೈದಾನಕ್ಕೆ ಇಳಿದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಅತ್ತೆ ಟಿವಿಯಲ್ಲಿ ನೋಡಿದಳು. ಗೋಲು ಹೊಡೆದಾಗ ಅವಳ ಕೈಯೂ ತಾನಾಗಿ ಮೇಲೆದ್ದಿತು. ನಾಚಿಕೆಯಿಂದ ಕೆಳಗಿಳಿಸಿಕೊಂಡಳು.

ಹುಡುಗಿಯನ್ನು ಕಚೇರಿಯವರು ಕೌಂಟರಿನಿಂದ ಹಿಂದಿನ ಕೋಣೆಗೆ ಹಾಕಿದ್ದಾರೆ. ಜನರ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂಬ ಕಾರಣಕ್ಕೆ. ತಿಂಗಳಿಗೊಮ್ಮೆ ಅತ್ತೆ ಅವಳ ಮನೆಗೆ ಹೋಗುತ್ತಾಳೆ. ಟೀ ಕುಡಿಯುತ್ತಾರೆ, ಬೆಲೆ ಏರಿದ್ದು, ಬಸ್ಸು ತಡವಾದದ್ದು ಮಾತಾಡುತ್ತಾರೆ. ಒಮ್ಮೆ ಅತ್ತೆ ತಡೆಯಲಾರದೆ, "ನನ್ನ ಮೇಲೆ ಇನ್ನೂ ಕೋಪ ಇದೆಯೇನೇ?" ಎಂದು ಕೇಳಿದಳು.

"ಇಲ್ಲ ಅಂದ್ರೆ ಸುಳ್ಳಾಗುತ್ತೆ ಅತ್ತೆ," ಎಂದಳು ಹುಡುಗಿ. "ಆದ್ರೂ ನೀವು ಬರೋದು ನಿಲ್ಲಿಸ್ಬೇಡಿ."

ಗಾಳಿಗೆ ಮತ್ತೆ ಮದುವೆ ನಿಶ್ಚಯವಾದ ಸುದ್ದಿ ಕೇಳಿದಾಗ ಅತ್ತೆಗೆ ನಾಲ್ಕು ದಿನ ನಿದ್ದೆ ಬರಲಿಲ್ಲ. ಐದನೆಯ ದಿನ ವಿಳಾಸ ಹುಡುಕಿಕೊಂಡು, ಎರಡು ಬಸ್ಸು ಬದಲಾಯಿಸಿ, ಮದುವೆಯಾಗಲಿರುವ ಹುಡುಗಿಯ ಮನೆಗೆ ಹೋದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಚುರುಕು ಕಣ್ಣಿನವಳು. ಅತ್ತೆ ತಾನು ಯಾರೆಂದು ಹೇಳುತ್ತಿದ್ದಂತೆ, "ಗೊತ್ತು, ಒಳಗೆ ಬನ್ನಿ," ಎಂದಳು.

"ಅವರು ನನಗೆ ಏನೂ ಮುಚ್ಚಿಟ್ಟಿಲ್ಲ. ಕೋರ್ಟಿನ ಕಾಗದ ಎಲ್ಲ ತೋರಿಸಿದ್ದಾರೆ. ಎರಡು ವರ್ಷದಿಂದ ಆಪ್ತಸಲಹೆಗಾರರ ಹತ್ರ ಹೋಗ್ತಿದ್ದಾರೆ, ಕ್ಲಬ್ಬು ಕಡ್ಡಾಯ ಮಾಡಿದ್ದು ಮುಗಿದ ಮೇಲೂ ಬಿಟ್ಟಿಲ್ಲ. ಬದಲಾಗಿದ್ದಾರೆ ಅಮ್ಮಾ. ಒಂದು ಸಲ ತಪ್ಪು ಮಾಡಿದವರಿಗೆ ಇನ್ನೊಂದು ಅವಕಾಶ ಕೊಡಬಾರದಾ?"

ಕೊಡಬಾರದು ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಬದಲಾಗಿರಬಹುದು. ಹಾಗೆ ಆಗಲಿ ಎಂದು ಅವಳಿಗಿಂತ ಹೆಚ್ಚು ಬಯಸುವವರು ಯಾರಿದ್ದರು? ಆದರೆ ಟವೆಲ್‌ಗಳ ರಾಶಿಯ ಮುಂದೆ ಅವನು ಅತ್ತಾಗಲೂ ಅವಳು ಹೀಗೇ ನಂಬಿದ್ದಳು, ಇಷ್ಟೇ ಗಟ್ಟಿಯಾಗಿ.

"ಕೊಡು ಮಗಳೇ," ಎಂದಳು ಕೊನೆಗೆ. "ನಾನು ಬೇಡ ಅನ್ನೋಕೆ ಬಂದಿಲ್ಲ. ಯಾವತ್ತಾದ್ರೂ, ಎಷ್ಟು ಹೊತ್ತಿಗಾದ್ರೂ ಸರಿ, ಏನಾದ್ರೂ ಆದ್ರೆ ನನಗೊಂದು ಫೋನ್ ಮಾಡು. 'ಯಾರಿಗೂ ಹೇಳ್ಬೇಡಿ' ಅಂತ ಮಾತ್ರ ಹೇಳ್ಬೇಡ. ನಾನು ಹೇಳ್ತೀನಿ."

ಹುಡುಗಿ ನಕ್ಕು, ದೊಡ್ಡವರ ಮನಸ್ಸು ನೋಯಿಸಬಾರದೆಂದು ಅತ್ತೆಯ ನಂಬರನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದಳು.

ಮೂರು ವರ್ಷವಾಯಿತು. ಆ ಫೋನು ಬಂದಿಲ್ಲ. ಅದು ಬಾರದಿರುವುದಕ್ಕೆ ಸಂತೋಷಪಡಬೇಕೋ ಇಲ್ಲವೋ ಅತ್ತೆಗೆ ಇವತ್ತಿಗೂ ತಿಳಿಯದು.